ಬಂದುಹೋಗುವ ಡ್ರೈವಿಗೆ ನಿಲ್ಲುವ ಅಕ್ಷರ

ಭಟ್ಕಳ ತಾಲೂಕಿನ ಕಾಯ್ಕಿಣಿಯು ಮುರ್ಡೇಶ್ವರದ ನೆರೆಯಲ್ಲಿರುವ ಹಳ್ಳಿ. ಊರಿನ ಹೆಸರನ್ನೇ ಅಡ್ಡಹೆಸರಾಗಿ ಉಳ್ಳ ಸಾರಸ್ವತ ಕುಟುಂಬಗಳಲ್ಲಿ ಅನೇಕವು ಬೇರೆಡೆ ನೆಲಸಿದ್ದರೂ ಹೆಸರು ಅವರೊಡನೆಯೇ ನಡೆದಿದೆ. ಗೌರೀಶ ಕಾಯ್ಕಿಣಿಯವರು ಬಾಳಿದ್ದು ಗೋಕರ್ಣದಲ್ಲಿ. ಅವರ ಮಗ ಜಯಂತ ಕಾಯ್ಕಿಣಿಯವರು ಬಹುಕಾಲ ಮುಂಬಯಿಯಲ್ಲಿದ್ದು ಅನಂತರ ಬೆಂಗಳೂರಿಗೆ ಬಂದರು. ನೆಲೆ ಬದಲಾಯಿತು, ಹೆಸರು ಬದಲಾಗಲಿಲ್ಲ. ಆದರೆ ಅದೇ ಊರಿನ ಹುಡುಗನೊಬ್ಬನು ಶಾಲೆಯ ಹಾಜರಿ ಪುಸ್ತಕದಲ್ಲಿ 17ನೆಯವನಾಗಿದ್ದರೆ, ಹೊನ್ನಾವರದ ಕಾಲೇಜಿಗೋ ಕುಮಟೆಯ ಕಾಲೇಜಿಗೋ ಸೇರಿದಾಗಲೂ 17ನೆಯವನೇ ಆಗಿರುವನೆಂದು ಯಾರೂ ನಿರೀಕ್ಷಿಸುವುದಿಲ್ಲ. ಹೆಸರು ಅವನದು; ಸಂಖ್ಯೆ ಹಾಜರಿ ಪುಸ್ತಕದ್ದು.

ಗಣಕಯಂತ್ರಕ್ಕೆ ನಾವು ಚುಚ್ಚುವ ಪೆನ್‌ಡ್ರೈವಿನ ವಿಷಯದಲ್ಲಿ ಈ ಭೇದವನ್ನು ಬಹುಮಂದಿ ಗಮನಿಸುವುದಿಲ್ಲ. “ನನ್ನ ಪೆನ್‌ಡ್ರೈವ್ ಇ” ಎಂದು ವಿದ್ಯಾರ್ಥಿಗಳು ಹೇಳುವುದನ್ನು ನಾವು ದಿನವೂ ಕೇಳುತ್ತೇವೆ. ಆದರೆ ‘ಇ’ ಎಂಬ ಅಕ್ಷರವು ಆ ಪೆನ್‌ಡ್ರೈವಿನಲ್ಲಿ ಎಲ್ಲಿಯೂ ಬರೆದಿಲ್ಲ. ಅದು ಆ ಹೊತ್ತಿಗೆ ಆ ಯಂತ್ರವು ಕೊಟ್ಟ ಹಾಜರಿ ಸಂಖ್ಯೆ. ಇನ್ನೊಂದು ಯಂತ್ರದಲ್ಲಿ ಅದೇ ಪೆನ್‌ಡ್ರೈವ್ ‘ಜಿ’ ಆಗಬಹುದು; ಇದೇ ಯಂತ್ರದಲ್ಲಿಯೂ ನಾಳೆ ‘ಎಫ್’ ಆಗಬಹುದು.

ಆದರೇನು, ಕಣ್ಣಿಂದ ನೋಡಿ ತೆರೆದರಾಯಿತಲ್ಲ, ಎಂದು ವಾಚಕರು ಕೇಳಬಹುದು. ಮನುಷ್ಯನು ನೋಡಿ ತೆರೆಯುವವರೆಗೆ ತೊಂದರೆ ಹೆಚ್ಚಿಲ್ಲ. ಕೆಲಸವನ್ನು ಯಂತ್ರಕ್ಕೆ ವಹಿಸಿಬಿಟ್ಟಾಗ ಕಥೆ ಬೇರೆ. ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯವನ್ನು ಊಹಿಸಿಕೊಳ್ಳೋಣ. ಲೋಲಕದ ಆವರ್ತಕಾಲ, ಉಷ್ಣಮಾಪನ ಮೊದಲಾದ ಪ್ರಯೋಗಗಳ ಅಂಕಿಗಳು ಹಗಲೆಲ್ಲ ಗಣಕಯಂತ್ರದಲ್ಲಿ ಸಂಗ್ರಹವಾಗುತ್ತವೆ. ಸಂಜೆ ಐದಕ್ಕೆ ಅವನ್ನು ‘ಇ’ ಎಂಬ ಹೊರ ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಬೇಕೆಂದು ಒಂದು ಆಜ್ಞಾಕಡತವನ್ನು ಬರೆದಿಟ್ಟಿದ್ದಾರೆ. ವಿಂಡೋಸಿನಲ್ಲಿ ಈ ಕೆಲಸಕ್ಕೆ ‘ರೋಬೊಕಾಪಿ’ ಎಂಬ ಸಾಧನವುಂಟು. ಅದಕ್ಕೆ ‘ಮಿರರ್’ ಎಂಬ ವಿಧಿಯನ್ನು ಕೊಟ್ಟರೆ ಅದು ಕನ್ನಡಿಯಂತೆ ವರ್ತಿಸುತ್ತದೆ: ಮೂಲದಲ್ಲಿ ಇರುವುದನ್ನು ಗುರಿಯಲ್ಲಿ ಮೂಡಿಸುವುದಷ್ಟೇ ಅಲ್ಲ, ಮೂಲದಲ್ಲಿ ಇಲ್ಲದುದನ್ನು ಗುರಿಯಿಂದ ಅಳಿಸಿಯೂ ಬಿಡುತ್ತದೆ. ಅಳಿಸಿದುದು ‘ರೀಸೈಕಲ್ ಬಿನ್’ ಎಂಬ ಕಸದ ಬುಟ್ಟಿಗೂ ಹೋಗುವುದಿಲ್ಲ.

ಒಂದು ದಿನ ಹೊರ ಡಿಸ್ಕನ್ನು ಕಳಚಿಟ್ಟಿದ್ದಾಗ ವಿದ್ಯಾರ್ಥಿನಿಯೊಬ್ಬಳು ತನ್ನ ವರ್ಷದ ಯೋಜನಾ ವರದಿಯನ್ನು ಮುದ್ರಿಸಲು ಪೆನ್‌ಡ್ರೈವನ್ನು ಚುಚ್ಚುತ್ತಾಳೆ. ‘ಇ’ ತೆರವಾಗಿದೆ; ಯಂತ್ರವು ಅದನ್ನು ಆಕೆಯ ಪೆನ್‌ಡ್ರೈವಿಗೆ ಕೊಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹೊರ ಡಿಸ್ಕು ಬಂದಾಗ ಅದಕ್ಕೆ ‘ಎಫ್’ ದೊರೆಯುತ್ತದೆ. ಪೆನ್‌ಡ್ರೈವ್ ಮರೆತು ಅಲ್ಲಿಯೇ ಉಳಿದಿದೆ. ಸಂಜೆ ಐದು ಗಂಟೆಗೆ ಆಜ್ಞಾಕಡತವು ತನಗೆ ಹೇಳಿದುದನ್ನೇ ಮಾಡುತ್ತದೆ. ವರದಿ ಅಳಿದುಹೋಗುತ್ತದೆ, ಪ್ರಯೋಗದ ಅಂಕಿಗಳು ತಲಪಬೇಕಾದ ಡಿಸ್ಕನ್ನೂ ತಲಪುವುದಿಲ್ಲ, ಎಲ್ಲವೂ ಯಶಸ್ವಿಯಾಯಿತೆಂದು ಪರದೆಯು ತಿಳಿಸುತ್ತದೆ. ಯಂತ್ರದಲ್ಲಿ ದೋಷವಿಲ್ಲ, ಆಜ್ಞೆಯಲ್ಲಿ ಕಾಗುಣಿತದ ತಪ್ಪೂ ಇಲ್ಲ. ಹಾಜರಿ ಸಂಖ್ಯೆಯನ್ನು ಹೆಸರೆಂದು ತಿಳಿದುದಷ್ಟೇ ಕಾರಣ.

ಈ ಅಕ್ಷರಪದ್ಧತಿ ಬಂದ ಬಗೆಯನ್ನು ಅರಿತರೆ ಅದರ ಸ್ವಭಾವವೂ ತಿಳಿಯುತ್ತದೆ. 1974ರ ಸುಮಾರಿಗೆ ಅಮೆರಿಕದ ಗ್ಯಾರಿ ಕಿಲ್ಡಾಲ್ ಅವರು ರಚಿಸಿದ ‘ಸಿಪಿ/ಎಂ’ ಎಂಬ ಕಾರ್ಯನಿರ್ವಾಹಕ ವ್ಯವಸ್ಥೆಯಲ್ಲಿ ಫ್ಲಾಪಿ ಡ್ರೈವುಗಳಿಗೆ ಎ, ಬಿ ಎಂಬ ಹೆಸರುಗಳಿದ್ದವು. 1981ರ ಆಗಸ್ಟಿನಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಡಾಸ್ ವ್ಯವಸ್ಥೆಯೊಡನೆ ಮಾರುಕಟ್ಟೆಗೆ ಬಂದಾಗ ಇದೇ ಪದ್ಧತಿಯು ಅದರಲ್ಲಿಯೂ ನಡೆಯಿತು. ಅಂದಿನ ಒಂದು ಫ್ಲಾಪಿಯಲ್ಲಿ 160 ಕಿಲೋಬೈಟುಗಳಷ್ಟೇ ಹಿಡಿಯುತ್ತಿದ್ದವು. ಒಂದೇ ಫ್ಲಾಪಿ ಡ್ರೈವ್ ಇದ್ದ ಯಂತ್ರವು ಆ ಒಂದನ್ನೇ ಎ ಎಂದೂ ಬಿ ಎಂದೂ ಕರೆದು, ನಡುವೆ ಫ್ಲಾಪಿಯನ್ನು ಬದಲಿಸಿರೆಂದು ಕೇಳುತ್ತಿತ್ತು! ಅಂದರೆ ಅಕ್ಷರವು ವಸ್ತುವಿನದಲ್ಲ, ಸ್ಥಾನದ್ದು ಎಂಬ ಭಾವನೆ ಮೊದಲಿನಿಂದಲೂ ಇದ್ದಿತು. 1983ರಲ್ಲಿ ‘ಎಕ್ಸ್‌ಟಿ’ ಮಾದರಿಯೊಡನೆ 10 ಮೆಗಾಬೈಟಿನ ಹಾರ್ಡ್‌ಡಿಸ್ಕು ಬಂದು ‘ಸಿ’ ಎನಿಸಿಕೊಂಡಿತು. ಫ್ಲಾಪಿಗಳು ಮರೆಯಾದರೂ ‘ಸಿ’ಯು ಇಂದಿಗೂ ‘ಸಿ’ಯಾಗಿಯೇ ಉಳಿದಿದೆ.

ಡ್ರೈವುಗಳು ಪೆಟ್ಟಿಗೆಯೊಳಗೆ ತಿರುಪು ಬಿಗಿದು ಕುಳಿತಿರುವಷ್ಟು ಕಾಲ ಸ್ಥಾನದ ಹೆಸರು ಸಾಕಾಗಿದ್ದಿತು. 2000ದ ಸುಮಾರಿಗೆ ಪೆನ್‌ಡ್ರೈವುಗಳು ಬಂದವು. ಡ್ರೈವೇ ಜೇಬಿನಲ್ಲಿ ತಿರುಗಾಡತೊಡಗಿತು. ಅದೇ ವರ್ಷ ಬಿಡುಗಡೆಯಾದ ವಿಂಡೋಸ್ 2000ದಲ್ಲಿ ‘ಮೌಂಟ್ ಮ್ಯಾನೇಜರ್’ ಎಂಬ ಭಾಗವನ್ನು ಸೇರಿಸಿದರು. ಇದೇ ನಮ್ಮ ಹಾಜರಿ ಗುಮಾಸ್ತ. ಇವನ ಪುಸ್ತಕವು ವಿಂಡೋಸಿನ ‘ರಿಜಿಸ್ಟ್ರಿ’ಯಲ್ಲಿ ‘ಮೌಂಟೆಡ್ ಡಿವೈಸಸ್’ ಎಂಬ ತಲೆಬರಹದ ಕೆಳಗಿದೆ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಾಲು. ಸಾಲಿನ ಎದುರಿಗೆ ಆ ಅಕ್ಷರವನ್ನು ಪಡೆದ ಸಾಧನದ ಗುರುತು.

ಆ ಗುರುತು ಯಾವುದು? ಇಲ್ಲಿ ವಿಷಯವು ಸ್ವಾರಸ್ಯವಾಗಿದೆ. ಹಳೆಯ ಕ್ರಮದಲ್ಲಿ ವಿಭಾಗಿಸಿದ ಹಾರ್ಡ್‌ಡಿಸ್ಕಾದರೆ, ಅದರ ಮೊಟ್ಟಮೊದಲ ಖಂಡದಲ್ಲಿ 4 ಬೈಟುಗಳ ಒಂದು ‘ಸಹಿ’ ಇರುತ್ತದೆ. ನಾಲ್ಕು ಬೈಟುಗಳೆಂದರೆ 32 ದ್ವಿಮಾನ ಅಂಕಿಗಳು. ಆದುದರಿಂದ 4,29,49,67,296 ಬೇರೆ ಬೇರೆ ಸಹಿಗಳು ಸಾಧ್ಯ. ಈ ಸಹಿಯನ್ನೂ, ವಿಭಾಗವು ಡಿಸ್ಕಿನಲ್ಲಿ ಎಲ್ಲಿಂದ ಆರಂಭವಾಗುವುದೆಂಬುದನ್ನೂ ಸೇರಿಸಿ ಗುಮಾಸ್ತನು ಬರೆದುಕೊಳ್ಳುತ್ತಾನೆ. ಹೊಸ ‘ಜಿಪಿಟಿ’ ಕ್ರಮದಲ್ಲಿ ಪ್ರತಿಯೊಂದು ವಿಭಾಗಕ್ಕೂ 128 ದ್ವಿಮಾನ ಅಂಕಿಗಳ ಗುರುತುಂಟು. ದಶಮಾನದಲ್ಲಿ ಬರೆದರೆ ಅದು 39 ಅಂಕಿಗಳವರೆಗೆ ಬೆಳೆಯಬಲ್ಲ ಸಂಖ್ಯೆ. ಆಕಸ್ಮಿಕವಾಗಿ ಎರಡು ಒಂದಾಗುವ ಭಯವನ್ನು ಮರೆತುಬಿಡಬಹುದು. ಡಿಸ್ಕನ್ನು ಪೂರ್ಣವಾಗಿ ನಕಲು ಮಾಡಿದಾಗ ಮಾತ್ರ ಸಹಿಯೂ ನಕಲಾಗುತ್ತದೆ. ಮೂಲವನ್ನೂ ನಕಲನ್ನೂ ಒಟ್ಟಿಗೆ ಜೋಡಿಸಿದರೆ ವಿಂಡೋಸು ಎರಡನೆಯದನ್ನು ಕೆಲಸದಿಂದ ದೂರ ನಿಲ್ಲಿಸುತ್ತದೆ. ಇದನ್ನು ಕಂಡು ಡಿಸ್ಕು ಕೆಟ್ಟಿತೆಂದು ಬೆದರಬೇಕಾಗಿಲ್ಲ.

ಸಾಮಾನ್ಯ ಪೆನ್‌ಡ್ರೈವಿನಲ್ಲಿ ಕ್ರಮ ಬೇರೆ. ಅಲ್ಲಿ ಗುಮಾಸ್ತನು ನೋಡುವುದು ಒಳಗಿನ ಬರಹವನ್ನಲ್ಲ, ತಯಾರಕರು ಸಾಧನದಲ್ಲಿ ಹಾಕಿದ ಕ್ರಮಸಂಖ್ಯೆಯನ್ನು. ಆದುದರಿಂದ ಪೆನ್‌ಡ್ರೈವನ್ನು ‘ಫಾರ್ಮ್ಯಾಟ್’ ಮಾಡಿ ಬರಿದುಗೊಳಿಸಿದರೂ ಗುರುತು ಅಳಿಯುವುದಿಲ್ಲ. ಕೆಲವು ಅಗ್ಗದ ಪೆನ್‌ಡ್ರೈವುಗಳಲ್ಲಿ ಈ ಕ್ರಮಸಂಖ್ಯೆಯೇ ಇರುವುದಿಲ್ಲ. ಆಗ ಅದು ಯಾವ ಕಿಂಡಿಗೆ ಚುಚ್ಚಲ್ಪಟ್ಟಿದೆ ಎಂಬುದೇ ಗುರುತಿನ ಭಾಗವಾಗುತ್ತದೆ. ಮುಂದಿನ ಕಿಂಡಿಯಿಂದ ತೆಗೆದು ಹಿಂದಿನದಕ್ಕೆ ಚುಚ್ಚಿದರೆ ಗುಮಾಸ್ತನ ಕಣ್ಣಿಗೆ ಅದು ಬೇರೆಯೇ ವಸ್ತು. ಅಂತಹದಕ್ಕೆ ಸ್ಥಿರವಾದ ಅಕ್ಷರ ಬೇಕಾದರೆ ಸದಾ ಒಂದೇ ಕಿಂಡಿಯನ್ನು ಬಳಸಬೇಕು.

ಪುಸ್ತಕದಲ್ಲಿ ಅಕ್ಷರಕ್ಕೆ ಒಂದೇ ಸಾಲು ಎಂದೆವು. ತೊಂದರೆಯ ಮೂಲವೂ ಅದೇ. ಹೊಸದಾಗಿ ಬಂದ ಡ್ರೈವಿಗೆ ಗುಮಾಸ್ತನು ‘ಸಿ’ಯ ಮುಂದೆ ಆ ಹೊತ್ತಿಗೆ ತೆರವಾಗಿರುವ ಮೊದಲ ಅಕ್ಷರವನ್ನು ಕೊಡುತ್ತಾನೆ. ಗೈರುಹಾಜರಾದವನ ಅಕ್ಷರವನ್ನು ಕಾದಿರಿಸುವ ಅಭ್ಯಾಸ ಅವನಿಗಿಲ್ಲ. ಹೊಸಬನ ಗುರುತನ್ನು ಹಳಬನ ಸಾಲಿನ ಮೇಲೆಯೇ ಬರೆದುಬಿಡುತ್ತಾನೆ. ಮದುವೆಯ ಚಿತ್ರ ತೆಗೆಯುವವರ ಅಂಗಡಿಗಳಲ್ಲಿ ಇದು ಇನ್ನೂ ಹೆಚ್ಚು. ಅವರ ಕಾರ್ಡ್‌ರೀಡರಿನಲ್ಲಿ ನಾಲ್ಕು ಬಾಯಿಗಳಿದ್ದರೆ ಅವು ನಾಲ್ಕು ಅಕ್ಷರಗಳನ್ನು ನುಂಗುತ್ತವೆ. ಕಾರ್ಡು ಇಲ್ಲದ ಬಾಯಿಗಳನ್ನು ವಿಂಡೋಸು ಪರದೆಯಲ್ಲಿ ತೋರಿಸದಿದ್ದರೂ ಅಕ್ಷರಗಳು ಅವುಗಳ ವಶದಲ್ಲಿಯೇ ಇರುತ್ತವೆ.

ಉಪಾಯವು ಇದರಿಂದಲೇ ಹೊರಡುತ್ತದೆ. ತಾನಾಗಿ ಹಂಚುವಾಗ ಗುಮಾಸ್ತನ ಕೈ ಸಾಮಾನ್ಯವಾಗಿ ತಲಪದಷ್ಟು ದೂರದ ಅಕ್ಷರವೊಂದನ್ನು ನಾವೇ ಆರಿಸಿ ಬರೆಯಿಸಬೇಕು. ಡಿ, ಇ, ಎಫ್, ಜಿ, ಎಚ್ ಅಪಾಯದ ನೆರೆ. ಕೊನೆಯ ಝಡ್, ವೈ, ಎಕ್ಸ್ ಕೂಡ ಬೇಡ. ಕಚೇರಿಯ ಜಾಲದಲ್ಲಿರುವ ಕಡತಕೋಶಗಳಿಗೆ ಅಕ್ಷರ ಕೊಡುವಾಗ ವಿಂಡೋಸು ಕೊನೆಯಿಂದ ಹಿಮ್ಮುಖವಾಗಿ ಸೂಚಿಸುತ್ತ ಬರುತ್ತದೆ. ನಡುವಣ ಅಕ್ಷರವೇ ಲೇಸು. ನಮ್ಮ ಸಲಹೆ ‘ಆರ್’. ದೂರವಾಣಿಯಲ್ಲಿ ಹೇಳುವಾಗ ಬಿ, ಡಿ, ಇ, ಪಿ, ಟಿ ಎಲ್ಲವೂ ಒಂದರಂತೆ ಕೇಳಿಸುತ್ತವೆ, ‘ಆರ್’ ಹಾಗಲ್ಲ.

ಮಾಡುವ ಕ್ರಮ ಹೀಗೆ. ಡಿಸ್ಕನ್ನು ಜೋಡಿಸಿ, ಅದರಲ್ಲಿ ತೆರೆದಿರುವ ಕಡತಗಳನ್ನೆಲ್ಲ ಮುಚ್ಚಬೇಕು. ‘ಸ್ಟಾರ್ಟ್’ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೆ ಬರುವ ಪಟ್ಟಿಯಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬುದನ್ನು ತೆರೆಯಬೇಕು. ಇದಕ್ಕೆ ಯಂತ್ರದ ಮೇಲ್ವಿಚಾರಕರ ಅಧಿಕಾರ ಬೇಕಾಗುತ್ತದೆ. ಕೆಳಭಾಗದಲ್ಲಿ ಡಿಸ್ಕುಗಳು ಪಟ್ಟಿಗಳಂತೆ ಕಾಣುತ್ತವೆ. ಬೇಕಾದುದು ಯಾವುದೆಂಬುದನ್ನು ಅಕ್ಷರದಿಂದಲ್ಲ, ಗಾತ್ರದಿಂದಲೂ ಹೆಸರಿನಿಂದಲೂ ನಿಶ್ಚಯಿಸಿಕೊಂಡು ಅದರ ಮೇಲೆ ಬಲಗುಂಡಿ ಒತ್ತಿ, ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’, ಆಮೇಲೆ ‘ಚೇಂಜ್’, ಆಮೇಲೆ ‘ಆರ್’. ಅಕ್ಷರವನ್ನು ನೆಚ್ಚಿದ ಕೆಲವು ಕಾರ್ಯಕ್ರಮಗಳು ನಡೆಯದೆ ಹೋಗಬಹುದೆಂದು ಯಂತ್ರವು ಎಚ್ಚರಿಸುತ್ತದೆ. ಹೊರ ಡಿಸ್ಕಿನ ವಿಷಯದಲ್ಲಿ ಒಪ್ಪಿಕೊಳ್ಳಬಹುದು. ‘ಸಿ’ಯನ್ನಾಗಲಿ, ವಿಂಡೋಸು ನೆಲಸಿರುವ ಬೇರಾವ ವಿಭಾಗವನ್ನಾಗಲಿ ಮುಟ್ಟಕೂಡದು. ಅದೇ ಪಟ್ಟಿಯಲ್ಲಿ ‘ಫಾರ್ಮ್ಯಾಟ್’ ಎಂಬುದೂ ಹತ್ತಿರದಲ್ಲಿಯೇ ಇದೆ, ಕೈ ಜಾರದಿರಲಿ.

ಇಷ್ಟಾದರೆ ಮುಂದೆ ಆ ಡಿಸ್ಕು ಯಾವಾಗ ಬಂದರೂ, ‘ಆರ್’ ಅನ್ನು ಬೇರೊಂದು ಹಿಡಿದಿರದಿದ್ದರೆ, ಅದಕ್ಕೇ ಸಲ್ಲುತ್ತದೆ. ಆದರೆ ಈ ‘ಇರದಿದ್ದರೆ’ ಎಂಬುದನ್ನು ಮರೆಯಬಾರದು. ಸ್ಥಿರಾಕ್ಷರವೆಂಬುದು ರೂಢಿಯ ಮಾತು. ಅದು ಕಾದಿರಿಸಿದ ಆಸನವಲ್ಲ, ಯಾರೂ ಬಂದು ಕೂರದ ಮೂಲೆಯ ಆಸನ. ಆದುದರಿಂದ ಅಳಿಸುವ ಶಕ್ತಿಯುಳ್ಳ ಆಜ್ಞೆಯನ್ನು ಅಕ್ಷರವೊಂದನ್ನೇ ನಂಬಿ ಬರೆಯುವುದು ಸಲ್ಲದು. ಹೊರ ಡಿಸ್ಕಿನಲ್ಲಿ ಪ್ರತಿ ತುಂಬುವ ಕೋಶದ ಹೊರಗೆ, ಗುರುತಿಗಾಗಿ ಒಂದು ಪುಟ್ಟ ಕಡತವನ್ನು ಇಡಬೇಕು. ‘ಆರ್’ನಲ್ಲಿ ಆ ಕಡತವು ಇದೆಯೇ ಎಂದು ಆಜ್ಞಾಕಡತವು ಮೊದಲು ನೋಡಲಿ, ಇಲ್ಲದಿದ್ದರೆ ಏನನ್ನೂ ಮಾಡದೆ ನಿಲ್ಲಲಿ. ಒಂದೇ ಸಾಲಿನ ಈ ಪರೀಕ್ಷೆಯಿದ್ದರೆ ಮೇಲೆ ಹೇಳಿದ ವಿದ್ಯಾರ್ಥಿನಿಯ ವರದಿ ಉಳಿಯುತ್ತಿತ್ತು. ಸಂಜೆಯ ಪ್ರತಿ ಆಗದಿರುವುದು ಸರಿಪಡಿಸಬಹುದಾದ ನಷ್ಟ. ಅಳಿದ ವರದಿ ಹಾಗಲ್ಲ. ನಮ್ಮ ಮತದಲ್ಲಿ ಅಕ್ಷರವನ್ನು ನಿಲ್ಲಿಸುವುದಕ್ಕಿಂತಲೂ ಈ ಪರೀಕ್ಷೆಯೇ ಮುಖ್ಯ.

ಡಿಸ್ಕಿನೊಡನೆಯೇ ನಡೆಯುವ ಹೆಸರೂ ಒಂದುಂಟು: ಅದರ ‘ಲೇಬಲ್’. ಇದು ಡಿಸ್ಕಿನ ಮೇಲೆಯೇ ಬರೆದಿರುವುದರಿಂದ ಯಾವ ಯಂತ್ರಕ್ಕೆ ಹೋದರೂ ಅದೇ ಕಾಣುತ್ತದೆ. ಎನ್‌ಟಿಎಫ್‌ಎಸ್ ಕ್ರಮದ ಡಿಸ್ಕಿನಲ್ಲಿ 32, ಎಕ್ಸ್‌ಫ್ಯಾಟ್ ಕ್ರಮದಲ್ಲಿ 11 ಸಂಕೇತಗಳವರೆಗೆ ಬರೆಯಬಹುದು; ಎರಡರಲ್ಲಿಯೂ ಕನ್ನಡ ಸಾಧ್ಯ. ಆದರೆ ಯಂತ್ರದ ಎಣಿಕೆ ನಮ್ಮ ಎಣಿಕೆಯಲ್ಲ. ‘ಕಾಯ್ಕಿಣಿ’ ಎಂಬುದು ನಮಗೆ ಮೂರು ಅಕ್ಷರ. ಯಂತ್ರವು ಕ, ದೀರ್ಘದ ಚಿಹ್ನೆ, ಯ, ಹಲಂತ, ಕ, ಗುಡಿಸು, ಣ, ಗುಡಿಸು ಎಂದು ಎಂಟನ್ನು ಎಣಿಸುತ್ತದೆ. ‘ಪ್ರಯೋಗಾಲಯ’ಕ್ಕೆ ಒಂಬತ್ತು. ಎರಡೂ ಹನ್ನೊಂದರೊಳಗೆ ಹಿಡಿಯುತ್ತವೆ. ‘ಭೌತಶಾಸ್ತ್ರ ವಿಭಾಗ’ ಹಿಡಿಯದು.

ಅಕ್ಷರಗಳ ಗೊಡವೆಯೇ ಇಲ್ಲದ ವ್ಯವಸ್ಥೆಯೂ ಉಂಟು. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿನಕ್ಸಿನಲ್ಲಿ ಎಲ್ಲ ಡಿಸ್ಕುಗಳೂ ಒಂದೇ ಮರದ ಕೊಂಬೆಗಳು. ಚುಚ್ಚಿದ ಪೆನ್‌ಡ್ರೈವು ಸಾಮಾನ್ಯವಾಗಿ ತನ್ನ ಲೇಬಲಿನ ಹೆಸರಿನ ಕೊಂಬೆಯಾಗಿಯೇ ಮೂಡುತ್ತದೆ. ಒಂದೇ ಲೇಬಲಿನ ಎರಡು ಬಂದರೆ ಎರಡನೆಯದರ ಹೆಸರಿಗೆ ಒಂದು ಅಂಕಿ ಸೇರುತ್ತದೆ. ಹಾಗಾಗಿ ಅಲ್ಲಿಯೂ ಆಜ್ಞೆ ಬರೆಯುವವರು ಲೇಬಲಿಗಿಂತ ಡಿಸ್ಕಿನ ದೀರ್ಘವಾದ ಗುರುತುಸಂಖ್ಯೆಯನ್ನೇ ನೆಚ್ಚುತ್ತಾರೆ.

ವಿಂಡೋಸಿನ ಹಾಜರಿ ಪುಸ್ತಕವು ಆಯಾ ಯಂತ್ರದ ‘ಸಿ’ಯೊಳಗಿರುವುದರಿಂದ, ವಿಂಡೋಸನ್ನು ಹೊಸದಾಗಿ ಸ್ಥಾಪಿಸಿದ ದಿನ ಪುಸ್ತಕವೂ ಹೊಸದಾಗುತ್ತದೆ; ‘ಆರ್’ನ ಸಾಲು ಮತ್ತೆ ಬರೆಯಬೇಕು. ಪ್ರಯೋಗಾಲಯದಲ್ಲಿ ಎರಡು ಯಂತ್ರಗಳಿದ್ದರೆ ಎರಡರಲ್ಲಿಯೂ ಬರೆಯಬೇಕು. ಯಾವ ಯಂತ್ರದಲ್ಲಿ ಯಾವ ಅಕ್ಷರವೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಡಿಸ್ಕಿನ ಬೆನ್ನಿಗೆ ಅಂಟಿಸಿಟ್ಟರೆ, ಮುಂದೆ ಆ ಕೆಲಸಕ್ಕೆ ಬರುವವರು ಆಜ್ಞಾಕಡತವನ್ನು ನಡೆಸುವ ಮೊದಲೇ ಅದನ್ನು ಓದಿಕೊಳ್ಳಬಹುದು.