ಹವಳದ ತೊಟ್ಟಿಗೆ ಚಿಟ್ಟೆಮೀನು: ಮಾಡಬೇಕಾದ್ದು, ಮಾಡಬಾರದ್ದು

ವಾಮದಪದವು ಮತ್ತು ಸುತ್ತಲಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗಳಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರ, ಇಡಲು ಹೊರಟವರ ಗಮನಕ್ಕೆ.

ಚಿಟ್ಟೆಮೀನಿನ ಕುಟುಂಬದಲ್ಲಿ ಸುಮಾರು 130 ಜಾತಿಗಳಿವೆ. ಹವಳದ ಜೊತೆ ನಂಬಿ ಬಿಡಬಹುದಾದವು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ಹೆಚ್ಚಿನವು ಹವಳವನ್ನು ಕುಕ್ಕಿ ಹಾಳು ಮಾಡುತ್ತವೆ. ಕೆಲವು ತಿನ್ನಲು ಹವಳ ಸಿಗದೆ ಉಪವಾಸ ಬಿದ್ದು ಸಾಯುತ್ತವೆ.

ಮೀನಿಗಿಂತ ಮೊದಲು ಕಾನೂನು

ಕಡಲಿನಿಂದ ಕಿತ್ತ ಹವಳವನ್ನು ಕೊಳ್ಳಕೂಡದು, ಇಟ್ಟುಕೊಳ್ಳಕೂಡದು. ಬಂಡೆ ಕಟ್ಟುವ ಗಟ್ಟಿ ಹವಳ, ಕರಿಹವಳ, ಬೆಂಕಿಹವಳ, ಕಡಲಬೀಸಣಿಗೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವುಗಳಿಗೂ ಇದೆ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು. ‘ಲೈವ್ ರಾಕ್’ ಎಂದು ಮಾರುವ ಕಲ್ಲು ಎಷ್ಟೋ ಸಲ ಹವಳದ ತುಂಡೇ. ಮನುಷ್ಯರು ಮಾಡಿದ ಸೆರಾಮಿಕ್ ಅಥವಾ ಸಿಮೆಂಟಿನ ಕಲ್ಲನ್ನೇ ಬಳಸಿ. ಜೀವಿಗಳನ್ನು ತರುವಾಗ ಬಿಲ್ಲು ಕೇಳಿ. ಬಿಲ್ಲು ಕೊಡದವನ ಅಂಗಡಿಯ ಮೆಟ್ಟಿಲಿಳಿಯಿರಿ.

ಯಾವುದು ಬೇಡ

ಬಣ್ಣ ನೋಡಿ ಆರಿಸಬೇಡಿ. ಶೆವ್ರಾನ್, ಆರ್ನೇಟ್, ಮೇಯರ್ಸ್, ಮೆಲನ್, ಎಂಟು ಪಟ್ಟೆಯ ಏಟ್‌ಬ್ಯಾಂಡ್ ಇವು ಬದುಕುವುದೇ ಹವಳದ ಪಾಲಿಪ್ ತಿಂದು. ‘ನಾಲ್ಕು ದಿನದಲ್ಲಿ ಫುಡ್ಡಿಗೆ ಅಭ್ಯಾಸ ಆಗ್ತದೆ’ ಎನ್ನುವ ಮಾತನ್ನು ನಂಬಬೇಡಿ. ಅಭ್ಯಾಸವಾಗುವುದಿಲ್ಲ, ತೆಳುವಾಗುತ್ತಾ ಹೋಗಿ ಸಾಯುತ್ತವೆ. ಔರಿಗಾ, ರಕೂನ್ ಜಾತಿಯವು ಗಟ್ಟಿಜೀವಗಳು, ಸಿಕ್ಕಿದ್ದನ್ನೆಲ್ಲ ತಿನ್ನುತ್ತವೆ. ಆ ಸಿಕ್ಕಿದ್ದರಲ್ಲಿ ನಿಮ್ಮ ಹವಳವೂ ಸೇರುತ್ತದೆ. ಬರೀ ಮೀನುಗಳ ತೊಟ್ಟಿಯಾದರೆ ಅವು ಇರಲಿ.

ಯಾವುದು ಆಗಬಹುದು

ಪಿರಮಿಡ್ ಬಟರ್‌ಫ್ಲೈ ಮೊದಲ ಆಯ್ಕೆ. ಇದು ನೀರಿನಲ್ಲಿ ತೇಲುವ ಪ್ಲಾಂಕ್ಟನ್ ತಿನ್ನುವ ಮೀನು, ಹವಳದ ತಂಟೆಗೆ ಹೋಗುವುದು ಕಡಿಮೆ. ಮಾಲ್ದೀವ್ಸ್ ಕಡೆ ಗುಂಪುಗುಂಪಾಗಿ ಕಾಣುವ ಕರಿಪಿರಮಿಡ್ ಕೂಡ ಹೀಗೆಯೇ. ಎರಡೂ ಸುಮಾರು 18 ಸೆಂಟಿಮೀಟರ್ ಬೆಳೆಯುತ್ತವೆ, ಜೊತೆ ಬೇಕು. 500 ಲೀಟರಿಗಿಂತ ಸಣ್ಣ ತೊಟ್ಟಿಗೆ ತರಬೇಡಿ.

ಎರಡನೆಯದು ಸ್ಕೂಲಿಂಗ್ ಬ್ಯಾನರ್‌ಫಿಶ್, ಅಂದರೆ ಹೆನಿಯೋಕಸ್ ಡಿಫ್ರೂಟಿಸ್. ಮೋಸ ಹೋಗುವುದು ಇಲ್ಲಿಯೇ. ಇದರ ತದ್ರೂಪಿ ಅಕ್ಯುಮಿನೇಟಸ್ ಹವಳಕ್ಕೆ ಬಾಯಿ ಹಾಕುತ್ತದೆ, ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು. ಫೋಟೋ ತೆಗೆದು ಹಿಗ್ಗಿಸಿ ಬೆನ್ನಿನ ಮುಳ್ಳು ಎಣಿಸಿ: ಡಿಫ್ರೂಟಿಸ್‌ಗೆ ಸಾಮಾನ್ಯವಾಗಿ 12, ಅಕ್ಯುಮಿನೇಟಸ್‌ಗೆ 11. ಡಿಫ್ರೂಟಿಸ್‌ನ ಮೂತಿ ಗಿಡ್ಡ, ಎದೆ ಗುಂಡು. ಅನುಮಾನ ಉಳಿದರೆ ಬಿಟ್ಟು ಬನ್ನಿ.

ತಾಮ್ರಪಟ್ಟೆಯ ಕಾಪರ್‌ಬ್ಯಾಂಡನ್ನು ಐಪ್ಟೇಸಿಯಾ ಎಂಬ ಕಳೆ ತಿನ್ನಿಸಲು ತರುವವರಿದ್ದಾರೆ. ಕೆಲವು ತಿನ್ನುತ್ತವೆ, ಕೆಲವು ತಿರುಗಿಯೂ ನೋಡುವುದಿಲ್ಲ. ಕಳೆ ಮುಗಿದ ಮೇಲೆ ಅದಕ್ಕೆ ಏನು ಕೊಡುತ್ತೀರಿ ಎಂಬುದಕ್ಕೆ ಉತ್ತರ ಇದ್ದರೆ ಮಾತ್ರ ತನ್ನಿ. ಹೊಸಬರಿಗೆ ಇದು ಬೇಡವೇ ಬೇಡ.

ಕೊಳ್ಳುವಾಗ

ನಿಮ್ಮ ಕಣ್ಣೆದುರೇ ಆಹಾರ ಹಾಕಿಸಿ. ಮೈಸಿಸ್ ಅಥವಾ ಬ್ರೈನ್ ಶ್ರಿಂಪ್ ತಿನ್ನದ ಮೀನನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ. ಫಿಲಿಪೈನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಹಾಕಿ ಮೀನು ಹಿಡಿಯುವ ಕೆಟ್ಟ ರೂಢಿ ಇದೆ. ಅಂಥ ಮೀನು ಹೊರಗೆ ಚೆನ್ನಾಗಿಯೇ ಕಂಡು ಆಮೇಲೆ ಸಾಯಬಹುದು. ಅಂಗಡಿಗೆ ಬಂದು ಎರಡು ವಾರ ಕಳೆಯಲಿ, ಆಮೇಲೆ ದುಡ್ಡು ಕೊಡಿ. ಜುಲೈಯಲ್ಲಿ ಬೆಂಗಳೂರಿನಿಂದ ಪಾರ್ಸೆಲ್ ತರಿಸಬೇಡಿ. ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾದರೆ ಮೀನು ಚೀಲದಲ್ಲೇ ಉಳಿಯುತ್ತದೆ.

ನೀರು, ಕರೆಂಟು, ಮೈಲುತುತ್ತು

ಮಳೆಗಾಲದಲ್ಲಿ ಪಣಂಬೂರು, ಉಳ್ಳಾಲದ ಕಡಲನೀರು ತರಬೇಡಿ. ನೇತ್ರಾವತಿ, ಫಲ್ಗುಣಿ ಎರಡೂ ಮಂಗಳೂರಿನಲ್ಲೇ ಕಡಲು ಸೇರುತ್ತವೆ. ಆಗ ದಡದ ನೀರಿನಲ್ಲಿ ಉಪ್ಪಿಗಿಂತ ಕೆಸರೇ ಹೆಚ್ಚು. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ ಬೆರೆಸಿ. 400 ಲೀಟರಿಗೆ ಇದು 14 ಕಿಲೋ ಆಯಿತು. ಲೆಕ್ಕ ಮೊದಲೇ ಹಾಕಿಕೊಳ್ಳಿ.

ಅಡಿಕೆಗೆ ಮದ್ದು ಬಿಟ್ಟ ಕೈ ತೊಟ್ಟಿಗೆ ಹಾಕಕೂಡದು. ಬೋರ್ಡೋ ದ್ರಾವಣದ ಮೈಲುತುತ್ತು ತಾಮ್ರವೇ. ಹವಳ, ಸಿಗಡಿ, ಬಸವನಹುಳುಗಳಿಗೆ ಅದು ವಿಷ. ದ್ರಾವಣ ಕಲಸಿದ ಬಕೆಟ್ಟು ಎಷ್ಟು ತೊಳೆದರೂ ಅಕ್ವೇರಿಯಂ ಕೆಲಸಕ್ಕೆ ಬಾರದು. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧಿಗೂ ಇದೇ ಮಾತು: ಹೊಸ ಮೀನನ್ನು ಕನಿಷ್ಠ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಿ, ಚಿಕಿತ್ಸೆ ಅಲ್ಲಿಯೇ ಮುಗಿಯಲಿ.

ನೀರಿನ ಬಿಸಿ 24ರಿಂದ 27 ಡಿಗ್ರಿಯೊಳಗಿರಲಿ. ನಮ್ಮ ಏಪ್ರಿಲಿನಲ್ಲಿ ಚಿಲ್ಲರ್ ಇಲ್ಲದೆ ಇದು ಆಗದು. ಗಾಳಿಮಳೆಗೆ ಕರೆಂಟು ಹೋಗಿ ರಾತ್ರಿಯಿಡೀ ಬಾರದ ಊರು ನಮ್ಮದು. ಪಂಪಿಗೆ ಇನ್ವರ್ಟರ್ ಇಲ್ಲದವರು ಈ ಹವ್ಯಾಸಕ್ಕೆ ಕೈ ಹಾಕಬೇಡಿ.

ಸಾಕಲಾರದ ಮೀನನ್ನು ತೋಡಿಗೆ, ಹೊಳೆಗೆ, ಕಡಲಿಗೆ ಎಸೆಯಬೇಡಿ, ಅಂಗಡಿಗೇ ಹಿಂತಿರುಗಿಸಿ. ಹವಳದ ನಡುವೆ ಚಿಟ್ಟೆಮೀನು ನೋಡುವ ಆಸೆಯಷ್ಟೇ ಇದ್ದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇರುವುದಿಲ್ಲ.