ಏಕಾದಶಿಯ ತೂಕ, ದ್ವಾದಶಿಯ ತೂಕ

ಏಕಾದಶಿಯ ಉಪವಾಸ ಮಾಡಿ ದ್ವಾದಶಿಯ ಬೆಳಿಗ್ಗೆ ತೂಕ ನೋಡಿಕೊಂಡರೆ 2 ಪೌಂಡ್ ಇಳಿದಿರುತ್ತದೆ. ಪಾರಣೆ ಮುಗಿಸಿ ಮರುದಿನ ನೋಡಿದರೆ ಇಳಿದದ್ದೆಲ್ಲ ವಾಪಸ್ಸು! "ಇಷ್ಟು ಮಾಡಿ ಏನು ಪ್ರಯೋಜನ?" ಎಂದು ಸೀಡರ್ ಪಾರ್ಕಿನ ನಾವು ಎಷ್ಟೋ ಮಂದಿ ವಾಕಿಂಗನ್ನೇ ಬಿಟ್ಟುಬಿಡುತ್ತೇವೆ.

ಆದರೆ ಹೋದದ್ದೂ ಬಂದದ್ದೂ ಬಹುಪಾಲು ನೀರು. ಅನ್ನ, ಚಪಾತಿಯಿಂದ ಬಂದ ಸಕ್ಕರೆಯನ್ನು ದೇಹವು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಅದರ ಪ್ರತಿ 1 ಗ್ರಾಂ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ. ಉಪವಾಸದಲ್ಲಿ ಎರಡೂ ಇಳಿಯುತ್ತವೆ, ಉಂಡ ಮೇಲೆ ಮರಳುತ್ತವೆ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ನೀರನ್ನು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಬ್ರಷಿ ಕ್ರೀಕ್ ದಾರಿಯಲ್ಲಿ ಬೆವರಿ ಕಳೆದ ತೂಕ ಎರಡು ಲೋಟ ಮಜ್ಜಿಗೆ ಕುಡಿದರೆ ತಿರುಗಿ ಬರುತ್ತದೆ. 1 ಪೌಂಡ್ ಕೊಬ್ಬೆಂದರೆ ಸುಮಾರು 3,500 ಕ್ಯಾಲೊರಿ. ಒಂದು ದಿನದ ಹೋಳಿಗೆ ಊಟದಿಂದ 3 ಪೌಂಡ್ ಕೊಬ್ಬು ಬೆಳೆಯುವುದಿಲ್ಲ.

ಹಾಗಾದರೆ ಏನು ಮಾಡೋಣ? ದಿನವೂ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡೋಣ. ವಾರದ ಏಳು ಅಂಕಿಗಳನ್ನು ಕೂಡಿಸಿ ಏಳರಿಂದ ಭಾಗಿಸಿ, ಆ ಸರಾಸರಿಯನ್ನು ಹಿಂದಿನ ವಾರದ್ದಕ್ಕೆ ಹೋಲಿಸೋಣ. ನಾಲ್ಕು ವಾರಗಳ ಸರಾಸರಿ ಇಳಿಮುಖವಾಗಿದ್ದರೆ ನಮ್ಮ ದಾರಿ ಸರಿಯಾಗಿದೆ. ತಿಂಗಳಿಗೊಮ್ಮೆ ಸೊಂಟವನ್ನೂ ಅಳೆಯೋಣ. ಭಾರತೀಯರಲ್ಲಿ ನೋಡಲು ತೆಳ್ಳಗಿದ್ದವರಿಗೂ ಹೊಟ್ಟೆಯ ಕೊಬ್ಬಿನಿಂದ ಸಕ್ಕರೆ ಕಾಯಿಲೆ ಬರುವುದುಂಟು.

ಒಂದು ಎಚ್ಚರಿಕೆ: ಹೃದಯ ದುರ್ಬಲವಾಗಿರುವ ಹಿರಿಯರಿಗೆ ಒಂದೇ ದಿನದಲ್ಲಿ 2-3 ಪೌಂಡ್ ಏರಿದರೆ ಕಾಯದೆ ವೈದ್ಯರಿಗೆ ತಿಳಿಸಬೇಕು.

ಉಳಿದ ನಾವು ಒಂದು ದಿನದ ಅಂಕಿಗೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ನಾಳೆಯ ವಾಕಿಂಗ್ ಮಾತ್ರ ತಪ್ಪಿಸದಿರೋಣ.