ಅರೆತಲೆನೋವು: ಮನೆಯ ಆರೈಕೆ ಎಲ್ಲಿಯವರೆಗೆ?

ಆಯುರ್ವೇದವು ಶಿರಸ್ಸನ್ನು ಉತ್ತಮಾಂಗವೆಂದು ಕರೆದಿದೆ. ಸುಶ್ರುತಾಚಾರ್ಯರು ಉತ್ತರತಂತ್ರದಲ್ಲಿ ಹನ್ನೊಂದು ಬಗೆಯ ಶಿರೋರೋಗಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಒಂದು ಅರ್ಧಾವಭೇದಕ. ತಲೆಯ ಅರ್ಧಭಾಗದಲ್ಲಿ ಸೀಳಿದಂತೆ, ಚುಚ್ಚಿದಂತೆ, ತಲೆಸುತ್ತಿನೊಡನೆ, ಪಕ್ಷಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಅಕಸ್ಮಾತ್ತಾಗಿಯೋ ಬರುವ ನೋವೆಂದು ಅವರು ಅದನ್ನು ವರ್ಣಿಸುತ್ತಾರೆ. ನಾವು ಅರೆತಲೆನೋವು ಎನ್ನುವ, ಇಂದಿನ ವೈದ್ಯರು ಮೈಗ್ರೇನ್ ಎನ್ನುವ ವ್ಯಾಧಿಗೆ ಇದು ಬಹುಮಟ್ಟಿಗೆ ಹೊಂದುತ್ತದೆ. ಅದೇ ಪಟ್ಟಿಯಲ್ಲಿ ಶಂಖಕವೆಂಬ ಇನ್ನೊಂದು ರೋಗವಿದೆ. ಕಣತಲೆಯಲ್ಲಿ ಅತಿತೀವ್ರವಾಗಿ ಏಳುವ ಆ ನೋವನ್ನು ಸಾವಿರ ವೈದ್ಯರು ಸೇರಿದರೂ ತಡೆಯುವುದು ಕಷ್ಟವೆಂದು ಸುಶ್ರುತರೂ, ಮೂರು ರಾತ್ರಿಗಳಲ್ಲಿ ಪ್ರಾಣ ತೆಗೆಯುವುದೆಂದು ಚರಕಸಂಹಿತೆಯೂ ಎಚ್ಚರಿಸಿವೆ. ಎಲ್ಲ ತಲೆನೋವೂ ಒಂದೇ ಅಲ್ಲವೆಂಬುದು ನಮ್ಮ ಪ್ರಾಚೀನರಿಗೆ ಚೆನ್ನಾಗಿ ತಿಳಿದಿತ್ತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಅಲ್ಲಿನ ನಗರ ಮತ್ತು ಗ್ರಾಮಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಬಂದಿತ್ತು. ಸ್ತ್ರೀಯರಲ್ಲಿ ಇದು ಅಧಿಕ. ಚಿಕಿತ್ಸೆಯಿಲ್ಲದಿದ್ದರೆ ನಾಲ್ಕು ತಾಸಿನಿಂದ ಮೂರು ದಿನದವರೆಗೂ ಕಾಡುತ್ತದೆ. ವಾಕರಿಕೆ ಬರುತ್ತದೆ, ಬೆಳಕು, ಸದ್ದು ಸಹಿಸುವುದಾಗುವುದಿಲ್ಲ. ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಮಿಂಚಿನ ಅಂಕುಡೊಂಕು ಗೆರೆಗಳು ಮೂಡಿ ಒಂದು ತಾಸಿನೊಳಗೆ ಮಾಯವಾಗುತ್ತವೆ.

ನಮ್ಮ ಮಹಾಲಿಂಗಪುರ, ರಬಕವಿ-ಬನಹಟ್ಟಿ ಭಾಗದಲ್ಲಿ ದಿನವಿಡೀ ಮಗ್ಗದ ಸದ್ದಿನಲ್ಲಿ ಕುಳಿತವರು, ಬೆಲ್ಲದ ಗಾಣದ ಮನೆಯಲ್ಲಿ ಬೆಂಕಿಯ ಮುಂದೆ ದುಡಿಯುವವರು ಈ ತೊಂದರೆಯೊಡನೆ ಬರುತ್ತಾರೆ. ಹಸಿವೆ, ನಿದ್ದೆಗೇಡು, ಬಿಸಿಲು, ನೀರು ಸಾಲದಿರುವುದು ಇದನ್ನು ಕೆರಳಿಸುತ್ತವೆ. ಶಿವರಾತ್ರಿಯ ಉಪವಾಸ ಜಾಗರಣೆಗಳ ಮರುದಿನ ತಲೆ ಹಿಡಿದುಕೊಂಡು ಬರುವ ಭಕ್ತರು ಪ್ರತಿವರ್ಷವೂ ಇರುತ್ತಾರೆ. ಅಂಥವರು ನಿರಾಹಾರದ ಹಟ ಮಾಡದೆ ಹಾಲು, ಹಣ್ಣು, ನೀರು ಸ್ವೀಕರಿಸಲಿ. ನಿತ್ಯದ ಲಿಂಗಪೂಜೆಯನ್ನು ಬೆಳಗಿನಲ್ಲಿಯೇ ಪೂರೈಸಿ ಪ್ರಸಾದ ತೆಗೆದುಕೊಳ್ಳಲಿ. ದೇಹವನ್ನು ದಂಡಿಸುವುದನ್ನು ಶರಣರು ಎಂದೂ ಹೇಳಲಿಲ್ಲ.

ನೋವು ಆರಂಭವಾಗುತ್ತಲೇ ನೀರು ಕುಡಿದು, ಕತ್ತಲೆಯ ಶಾಂತ ಕೋಣೆಯಲ್ಲಿ ಮಲಗಬೇಕು. ಹಣೆಗೆ ತಣ್ಣೀರಿನ ಬಟ್ಟೆ ಅಥವಾ ತೇಯ್ದ ಗಂಧ ಹಿತಕರ. ಪ್ಯಾರಾಸಿಟಮಾಲ್ ಮಾತ್ರೆ ಒಗ್ಗುವವರು ಅದನ್ನು ಆರಂಭದಲ್ಲಿಯೇ ತೆಗೆದುಕೊಳ್ಳಲಿ. ನೋವು ಉಲ್ಬಣಿಸಿದ ಮೇಲೆ ಅದು ಅಷ್ಟು ಫಲಿಸುವುದಿಲ್ಲ. ಆಯುರ್ವೇದ ವೈದ್ಯನಾಗಿ ಹೀಗೆ ಬರೆಯುವುದರಲ್ಲಿ ನನಗೆ ಸಂಕೋಚವಿಲ್ಲ. ಆದರೆ ತಿಂಗಳಲ್ಲಿ ಹತ್ತು ಹದಿನೈದು ದಿನ ನೋವಿನ ಮಾತ್ರೆ ನುಂಗುವವರಿಗೆ ಆ ಮಾತ್ರೆಯಿಂದಲೇ ತಲೆನೋವು ನಿತ್ಯದ್ದಾಗುತ್ತದೆ. ಮೇಲಿಂದ ಮೇಲೆ ಬರುವ ನೋವಿಗೆ ತಡೆಯುವ ಚಿಕಿತ್ಸೆ ಬೇರೆಯಿದೆ. ಪಥ್ಯಾದಿ ಕಷಾಯ, ಅಣುತೈಲದ ನಸ್ಯ ಮುಂತಾದವನ್ನು ಪ್ರಕೃತಿಯನ್ನು ಪರೀಕ್ಷಿಸಿಯೇ ಕೊಡಬೇಕಾಗುತ್ತದೆ. ಬೆಳ್ಳುಳ್ಳಿಯ ರಸವನ್ನೋ ನಿಂಬೆಯ ರಸವನ್ನೋ ಮೂಗಿಗೆ ಹಿಂಡುವುದು ನಸ್ಯವಲ್ಲ. ಕಣತಲೆಗೆ ಬರೆ ಹಾಕಿಸುವುದು ಚಿಕಿತ್ಸೆಯೇ ಅಲ್ಲ.

ಹಳೆಯ ಅರೆತಲೆನೋವಿನವರಿಗೆ ಇರುವ ದೊಡ್ಡ ಅಪಾಯವೆಂದರೆ, ಅವರಿಗೆ ಬೇರೆ ಬಗೆಯ ನೋವು ಬಂದಾಗಲೂ ಮನೆಯವರು "ಯಾವಾಗಿನದೇ" ಎಂದು ಸುಮ್ಮನಿರುವುದು. ನೇಕಾರರ ಮನೆಯ ಬಾಣಂತಿಯೊಬ್ಬಳನ್ನು ಹೆರಿಗೆಯಾದ ಒಂಬತ್ತನೆಯ ದಿನ ನನ್ನಲ್ಲಿಗೆ ಕರೆತಂದರು. ನಾಲ್ಕು ದಿನದಿಂದ ತಲೆನೋವು. ಮದುವೆಗೆ ಮುಂಚಿನಿಂದಲೂ ಇದ್ದದ್ದೆಂದು ಅತ್ತೆಯವರು ಹೇಳಿದರು. ಹಿಂದಿನ ನೋವು ಒಂದೇ ಮಗ್ಗುಲಿಗೆ ಬಂದು ಮಲಗೆದ್ದರೆ ಇಳಿಯುತ್ತಿತ್ತು. ಈಗಿನದು ಇಡೀ ತಲೆ ವ್ಯಾಪಿಸಿ ದಿನದಿನಕ್ಕೆ ಏರುತ್ತಿತ್ತು. ಶೀತವಾಗುತ್ತದೆಂದು ನೀರನ್ನೂ ಅಳೆದು ಕೊಡುತ್ತಿದ್ದರು. ಔಷಧ ಕೊಡದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಮಿದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಸ್ಕ್ಯಾನಿನಲ್ಲಿ ಕಂಡಿತು. ತಾಯಿ, ಮಗು ಈಗ ಕ್ಷೇಮವಾಗಿದ್ದಾರೆ. ಬಾಣಂತಿಗೆ ಧಾರಾಳವಾಗಿ ನೀರು ಕೊಡಿರೆಂದು ಅಜ್ಜಿಯಂದಿರಲ್ಲಿ ಕೈಮುಗಿದು ಕೇಳುತ್ತೇನೆ.

ಗರ್ಭಿಣಿಗೆ ಇಲ್ಲವೆ ಬಾಣಂತಿಗೆ ತೀವ್ರ ತಲೆನೋವು ಬಂದರೆ ಅದೇ ದಿನ ರಕ್ತದೊತ್ತಡ ನೋಡಿಸಬೇಕು. ಸಿಡಿಲು ಬಡಿದಂತೆ ನಿಮಿಷದೊಳಗೆ ಉತ್ತುಂಗಕ್ಕೇರುವ ನೋವು, ಜ್ವರದೊಡನೆ ಕತ್ತು ಬಿಗಿಯುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈಕಾಲು ಸೋಲುವುದು, ಫಿಟ್ಸ್, ಮಂಪರು, ತಲೆಗೆ ಪೆಟ್ಟಾದ ಮೇಲಿನ ನೋವು, ಇವುಗಳಿಗೆ ಮನೆಮದ್ದಿಲ್ಲ, ನನ್ನ ಮದ್ದೂ ಇಲ್ಲ. ಕಣ್ಣು ಕೆಂಪಾಗಿ ದೃಷ್ಟಿ ಮಂಜಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅಂದೇ ನೇತ್ರವೈದ್ಯರಲ್ಲಿಗೆ ಹೋಗಬೇಕು. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ತಲೆನೋವನ್ನು, ಮೂರು ದಿನ ಕಳೆದರೂ ಬಿಡದ ನೋವನ್ನು ತಪ್ಪದೆ ತೋರಿಸಬೇಕು. ಕುಡಿದ ನೀರೂ ನಿಲ್ಲದಂತೆ ವಾಂತಿಯಾಗುತ್ತಿದ್ದರೆ ಅಷ್ಟು ದಿನ ಕಾಯಬಾರದು.

ಪಾರ್ಶ್ವವಾಯುವಿನ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ನಮ್ಮಲ್ಲಿಂದ ಬಾಗಲಕೋಟೆಗಾಗಲಿ ಬೆಳಗಾವಿಗಾಗಲಿ ದಾರಿಯಲ್ಲಿಯೇ ತಾಸುಗಳು ಕಳೆಯುತ್ತವೆ. ಆದ್ದರಿಂದ ಮೇಲಿನ ಲಕ್ಷಣ ಕಂಡೊಡನೆ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಒಯ್ಯಬೇಕೆಂದು ತಿಳಿಸಿರಿ. ಮಂಪರಿನಲ್ಲಿರುವವರ ಬಾಯಿಗೆ ನೀರು, ಕಷಾಯ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿರಿ. ಲಕ್ಷಣ ಆರಂಭವಾದ ವೇಳೆಯನ್ನು ಚೀಟಿಯಲ್ಲಿ ಬರೆದುಕೊಂಡು, ಸೇವಿಸುತ್ತಿರುವ ಎಲ್ಲ ಔಷಧಗಳನ್ನು, ನಾನು ಕೊಟ್ಟ ಚೂರ್ಣವಿದ್ದರೆ ಅದನ್ನೂ, ಜೊತೆಗೆ ಒಯ್ದು ಅಲ್ಲಿನ ವೈದ್ಯರಿಗೆ ತೋರಿಸಿರಿ.